ಮನೆಗೆ ಹೋದ ಕಾಗದ, ಶಾಲೆಗೆ ಬಂದ ನೀರು

(ಸರ್ಕಾರಿ ಶಾಲೆಗಳ ಶಿಕ್ಷಕರು, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರು ಮತ್ತು ಪೋಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನಾನು ಇವತ್ತು ಬಹುಮಟ್ಟಿಗೆ ಮಾತಾಡುವುದು ಅಮೆರಿಕದ ಸರ್ಕಾರಿ ಶಾಲೆಗಳ ಮಕ್ಕಳ ಬಗ್ಗೆ, ಅವರ ತೂಕದ ಬಗ್ಗೆ. ನಮ್ಮ ಶಾಲೆಗಳಲ್ಲಿ ಇನ್ನೂ ರಕ್ತಹೀನತೆ ಇದೆ, ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದ ಮಕ್ಕಳಿದ್ದಾರೆ. ಹೀಗಿರುವಾಗ ಅಲ್ಲಿನ ಬೊಜ್ಜಿನ ಮಾತು ನಮಗೇಕೆ ಅಂತ ನಿಮಗೆ ಅನ್ನಿಸಬಹುದು. ಅನ್ನಿಸಬೇಕಾದ್ದೇ. ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಈಗ ಇಷ್ಟು ಹೇಳುತ್ತೇನೆ: ಅಲ್ಲಿನ ಕೆಲವು ಊರುಗಳು ಇಪ್ಪತ್ತು ವರ್ಷಗಳಿಂದ ವರ್ಷ ವರ್ಷವೂ ಲಕ್ಷಾಂತರ ಮಕ್ಕಳ ಎತ್ತರ, ತೂಕ ಅಳೆದು ಬರೆದಿಟ್ಟಿವೆ. ಯಾವ ಉಪಾಯ ಫಲ ಕೊಟ್ಟಿತು, ಯಾವುದು ಮಕ್ಕಳ ಮನಸ್ಸು ನೋಯಿಸಿ ಸುಮ್ಮನಾಯಿತು ಎಂಬುದು ಆ ದಾಖಲೆಗಳಲ್ಲಿದೆ. ಅದನ್ನು ಓದಿದ ಮೇಲೆ ನನಗೆ ಖಚಿತವಾಗಿರುವ ಮಾತು ಒಂದೇ. ಮಗುವಿಗೋ ತಾಯಿಗೋ ಬುದ್ಧಿ ಹೇಳಿ ಕಾಗದ ಕಳಿಸಿದರೆ ತೂಕ ಇಳಿಯುವುದಿಲ್ಲ. ಶಾಲೆಯ ತಟ್ಟೆ, ನೀರು, ಆಟದ ಹೊತ್ತು, ಗೇಟಿನಾಚೆಯ ಅಂಗಡಿ ಬದಲಾದರೆ ಸ್ವಲ್ಪವಾದರೂ ಇಳಿಯುತ್ತದೆ.

ಮೊದಲು ಅಳತೆ ಹೇಗೆ ಅಂತ ನೋಡೋಣ. ಇದು ಅರ್ಥವಾಗದಿದ್ದರೆ ಮುಂದಿನ ಅಂಕಿಗಳೆಲ್ಲ ದಾರಿ ತಪ್ಪಿಸುತ್ತವೆ.

ದೊಡ್ಡವರ ಬಿಎಂಐ ನಿಮಗೆ ಗೊತ್ತು. ಕಿಲೋಗಳಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸುವುದು. ಹತ್ತು ವರ್ಷದ ಹುಡುಗನೊಬ್ಬ 140 ಸೆಂಟಿಮೀಟರ್ ಎತ್ತರ, 39 ಕಿಲೋ ತೂಕ ಇದ್ದಾನೆ ಅಂದುಕೊಳ್ಳಿ. 1.4 ಗುಣಿಸು 1.4 ಅಂದರೆ 1.96. 39ನ್ನು ಅದರಿಂದ ಭಾಗಿಸಿದರೆ 19.9 ಬರುತ್ತದೆ. ಇದೇ ಸಂಖ್ಯೆ ಇಲ್ಲಿ ಕೂತಿರುವ ದೊಡ್ಡವರೊಬ್ಬರದ್ದಾಗಿದ್ದರೆ ಡಾಕ್ಟರು ಬೆನ್ನು ತಟ್ಟುತ್ತಿದ್ದರು. ಹತ್ತು ವರ್ಷದ ಹುಡುಗನಿಗೆ ಮಾತ್ರ ಅಮೆರಿಕದ ಪಟ್ಟಿಯಲ್ಲಿ ಇದು ಅಧಿಕ ತೂಕ. ಅದೇ ಎತ್ತರದಲ್ಲಿ ಅವನು ಇನ್ನೊಂದು ನಾಲ್ಕೂವರೆ ಕಿಲೋ ಹೆಚ್ಚಿದ್ದರೆ ಬೊಜ್ಜಿನ ಗೆರೆಯ ಹತ್ತಿರ ನಿಲ್ಲುತ್ತಾನೆ. ಮಕ್ಕಳು ಬೆಳೆಯುತ್ತಿರುತ್ತಾರೆ, ಪ್ರಾಯಕ್ಕೆ ಬರುವಾಗ ಮೈ ಬದಲಾಗುತ್ತದೆ. ಆದ್ದರಿಂದ ಅವರಿಗೆ ವಯಸ್ಸು ಮತ್ತು ಲಿಂಗಕ್ಕೆ ತಕ್ಕ ಬೇರೆ ಪಟ್ಟಿ. ನೂರು ಮಕ್ಕಳನ್ನು ಬಿಎಂಐ ಪ್ರಕಾರ ಸಾಲಾಗಿ ನಿಲ್ಲಿಸಿದರೆ 85ನೇ ಸ್ಥಾನದಿಂದ ಆಚೆ ಅಧಿಕ ತೂಕ, 95ರಿಂದ ಆಚೆ ಬೊಜ್ಜು.

ಇಲ್ಲಿ ಒಂದು ಅನುಮಾನ ಬರಬೇಕು. ನೂರರಲ್ಲಿ ಐದು ಮಕ್ಕಳಷ್ಟೇ 95ರ ಗೆರೆ ದಾಟಬೇಕಿತ್ತಲ್ಲ, ಅಮೆರಿಕದಲ್ಲಿ ಇಪ್ಪತ್ತು ಮಕ್ಕಳು ದಾಟಿದ್ದಾರೆ ಅನ್ನುತ್ತಾರೆ, ಅದು ಹೇಗೆ? ಆ ಗೆರೆ ಎಳೆದದ್ದು ಇವತ್ತಿನ ಮಕ್ಕಳನ್ನು ನೋಡಿ ಅಲ್ಲ. ಆರು ವರ್ಷ ದಾಟಿದ ಮಕ್ಕಳ ಮಟ್ಟಿಗೆ 1963ರಿಂದ 1980ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಗಳ ತೂಕವನ್ನು ಇಟ್ಟುಕೊಂಡು 2000ದಲ್ಲಿ ಆ ಪಟ್ಟಿ ಮಾಡಿದರು. ಅಂದರೆ ಇವತ್ತಿನ ಮಕ್ಕಳನ್ನು ಅವರ ಅಪ್ಪ ಅಮ್ಮಂದಿರ, ಅಜ್ಜ ಅಜ್ಜಿಯರ ಬಾಲ್ಯದ ಪಕ್ಕದಲ್ಲಿಟ್ಟು ನೋಡುತ್ತಿದ್ದಾರೆ. 1970ರ ದಶಕದ ಆರಂಭದಲ್ಲಿ ಅಲ್ಲಿ 2ರಿಂದ 19 ವರ್ಷದವರಲ್ಲಿ ಸುಮಾರು ಶೇ. 5ರಷ್ಟು ಮಂದಿಗೆ ಬೊಜ್ಜಿತ್ತು. 2017ರಿಂದ 2020ರ ಮಾರ್ಚ್‌ವರೆಗಿನ ಸಮೀಕ್ಷೆಯಲ್ಲಿ ಅದು ಶೇ. 19.7. ಅರ್ಧ ಶತಮಾನದಲ್ಲಿ ಮನುಷ್ಯನ ವಂಶವಾಹಿ ಬದಲಾಗುವುದಿಲ್ಲ, ಮಕ್ಕಳು ಇದ್ದಕ್ಕಿದ್ದಂತೆ ಸೋಮಾರಿಗಳೂ ಆಗುವುದಿಲ್ಲ. ಬದಲಾದದ್ದು ಅವರ ಸುತ್ತಲಿನ ಊಟ, ರಸ್ತೆ, ಪರದೆ.

ಈಗ ನ್ಯೂಯಾರ್ಕ್ ನಗರಕ್ಕೆ ಬರೋಣ. ಅಮೆರಿಕದಲ್ಲೇ ಅತಿ ದೊಡ್ಡ ಸರ್ಕಾರಿ ಶಾಲಾ ವ್ಯವಸ್ಥೆ ಅಲ್ಲಿನದು. ಅಲ್ಲಿ ಫಿಟ್‌ನೆಸ್‌ಗ್ರಾಮ್ ಎಂಬ ವಾರ್ಷಿಕ ಪರೀಕ್ಷೆ ಇದೆ. ನಮ್ಮ ಪಿಟಿ ಮೇಷ್ಟ್ರಂಥ ದೈಹಿಕ ಶಿಕ್ಷಕರೇ ಮಕ್ಕಳ ಎತ್ತರ, ತೂಕ ಅಳೆದು ದಾಖಲಿಸುತ್ತಾರೆ. ಎಂಟನೇ ತರಗತಿಯವರೆಗಿನ ಮಕ್ಕಳಲ್ಲಿ 2006-07ರಲ್ಲಿ ಬೊಜ್ಜಿನ ಪ್ರಮಾಣ ಶೇ. 21.9 ಇತ್ತು. 2010-11ಕ್ಕೆ ಶೇ. 20.7ಕ್ಕೆ ಬಂತು. ಅಷ್ಟು ದೊಡ್ಡ ನಗರದಲ್ಲಿ ಏರುತ್ತಲೇ ಇದ್ದ ಗೆರೆ ಮೊದಲ ಬಾರಿಗೆ ಕೆಳಗೆ ತಿರುಗಿತ್ತು, ದೊಡ್ಡ ಸುದ್ದಿಯಾಯಿತು. "ಶೇ. 5.5ರಷ್ಟು ಇಳಿಕೆ" ಅಂತ ಬರೆದರು. ಲೆಕ್ಕ ತಪ್ಪಲ್ಲ, 21.9ರ ಮೇಲೆ 1.2ರ ಇಳಿಕೆ ಅಂದರೆ ಅಷ್ಟೇ. ಆದರೆ ನೂರು ಮಕ್ಕಳನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿ: ಕಡಿಮೆಯಾದದ್ದು ಒಂದು ಮಗು. ಇಂಥ ಸುದ್ದಿ ಓದುವಾಗ ಇದು ಶೇಕಡಾವಾರಿನ ಮೇಲಿನ ಶೇಕಡಾವಾರೋ, ನೇರವಾಗಿ ಮಕ್ಕಳ ಲೆಕ್ಕವೋ ಅಂತ ಕೇಳಿಕೊಳ್ಳಿ.

ಆ ಒಂದು ಮಗುವೂ ಸಣ್ಣದಲ್ಲ. ನನ್ನನ್ನು ಕಾಡಿದ್ದು ಅದಕ್ಕಿಂತ ಆಚೆಗಿನ ವಿಷಯ. ಆ ಮಗು ಯಾರ ಮನೆಯದು? ಬಿಳಿಯ ಮಕ್ಕಳಲ್ಲಿ ಇಳಿಕೆ ಶೇ. 12.5. ಏಷ್ಯಾ ಮೂಲದವರಲ್ಲಿ ಶೇ. 7.6. (ಏಷ್ಯಾ ಮೂಲದವರು ಅಂದರೆ ಚೀನೀಯರು, ಕೊರಿಯಾದವರು, ಬಾಂಗ್ಲಾದವರು, ನಮ್ಮವರು ಎಲ್ಲ ಒಂದೇ ಕಲಂನಲ್ಲಿ. ಹಾಗೆ ಸೇರಿಸಿದ್ದು ನನಗೆ ಸರಿ ಕಾಣುವುದಿಲ್ಲ.) ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ಲ್ಯಾಟಿನ್ ಅಮೆರಿಕ ಮೂಲದ ಮಕ್ಕಳಲ್ಲಿ ಶೇ. 3.4. ಕಪ್ಪು ಮಕ್ಕಳಲ್ಲಿ ಬರೀ ಶೇ. 1.9. ಬಡವರ ಬಡಾವಣೆಯ ಶಾಲೆಗಳಲ್ಲೂ ಇಳಿಕೆ ಕಡಿಮೆಯೇ. ನಗರದ ಸರಾಸರಿ ಇಳಿಯಿತು, ಬೊಜ್ಜಿನ ಹೊರೆ ಯಾರ ಮೇಲೆ ಹೆಚ್ಚಿತ್ತೋ ಅವರ ಪಾಲಿಗೆ ಬಹುತೇಕ ಹಾಗೇ ಉಳಿಯಿತು. ಸಂಬಳ ಇರುವ, ಬಿಡುವಿರುವ, ಪಾರ್ಕು ಪಕ್ಕದಲ್ಲಿರುವ ಮನೆಗೆ ಆರೋಗ್ಯದ ಸಂದೇಶ ಮೊದಲು ತಲುಪುತ್ತದೆ. ಎರಡು ಕಡೆ ದುಡಿದು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ತಾಯಿಗೆ ಆ ಸಂದೇಶ ಸಿಕ್ಕರೂ ಅದನ್ನು ನಡೆಸಲು ಕೈಯಲ್ಲಿ ಏನಿರುತ್ತದೆ?

ಇದೇ ಹೊತ್ತಿನಲ್ಲಿ ಇನ್ನೊಂದು ಊರು ಬೇರೆ ಫಲಿತಾಂಶ ಕಂಡಿತು. ಫಿಲಡೆಲ್ಫಿಯಾ ಬಡತನ ಹೆಚ್ಚಿರುವ ನಗರ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಶಾಲಾ ನರ್ಸುಗಳು ಪ್ರತಿ ವರ್ಷ ಮಕ್ಕಳನ್ನು ಅಳೆಯುತ್ತಾರೆ. 2006-07ರಲ್ಲಿ ಶೇ. 21.5 ಇದ್ದ ಬೊಜ್ಜು 2009-10ಕ್ಕೆ ಶೇ. 20.5ಕ್ಕೆ ಇಳಿಯಿತು. ಮೇಲ್ನೋಟಕ್ಕೆ ನ್ಯೂಯಾರ್ಕಿನ ಹಾಗೆಯೇ ನೂರಕ್ಕೆ ಒಂದು ಮಗು. ಆದರೆ ಇಲ್ಲಿ ಇಳಿಕೆ ಚೆನ್ನಾಗಿ ಕಂಡದ್ದು ಕಪ್ಪು ಹುಡುಗರಲ್ಲಿ, ಶೇ. 7.6, ಹಿಸ್ಪಾನಿಕ್ ಹುಡುಗಿಯರಲ್ಲಿ, ಶೇ. 7.4.

ಫಿಲಡೆಲ್ಫಿಯಾ ಏನು ಮಾಡಿತ್ತು? 2004ರಲ್ಲಿ ಶಾಲೆಯೊಳಗಿನ, ಕಾಸು ಹಾಕಿದರೆ ತಿಂಡಿ, ಪಾನೀಯ ಕೊಡುವ ವೆಂಡಿಂಗ್ ಯಂತ್ರಗಳಿಂದ ಕೋಲಾ, ಸಕ್ಕರೆ ಪಾನೀಯಗಳನ್ನು ತೆಗೆಸಿತು. ನಂತರ ಶಾಲಾ ತಿಂಡಿಗಳಿಗೆ ಮಿತಿ ಹಾಕಿತು. 2009ರ ಹೊತ್ತಿಗೆ ಶಾಲಾ ಅಡುಗೆಮನೆಗಳಿಂದ ಎಣ್ಣೆಯಲ್ಲಿ ಕರಿಯುವ ಯಂತ್ರಗಳನ್ನೇ ಹೊರಗೆ ಹಾಕಿತು, ಹಾಲನ್ನು ಕಡಿಮೆ ಕೊಬ್ಬಿನದಕ್ಕೆ ಬದಲಿಸಿತು. ಇವೆಲ್ಲಕ್ಕೂ ಒಂದು ಗುಣವಿದೆ. ಮಗುವಿನ ಮನೆ ಬಡದೋ ಶ್ರೀಮಂತವೋ, ಅಮ್ಮ ಓದಿದವಳೋ ಅಲ್ಲವೋ, ಬದಲಾವಣೆ ಎಲ್ಲ ಮಕ್ಕಳಿಗೂ ಒಂದೇ ದಿನ ತಲುಪಿತು. ಕೋಲಾ ಯಂತ್ರ ಇಲ್ಲ ಅಂದರೆ ಯಾರಿಗೂ ಇಲ್ಲ.

ಇದಕ್ಕೆ ಮುಂಚೆ ಅದೇ ಊರಿನ ಹತ್ತು ಶಾಲೆಗಳಲ್ಲಿ ಒಂದು ಪ್ರಯೋಗ ನಡೆದಿತ್ತು. ನಾಲ್ಕರಿಂದ ಆರನೇ ತರಗತಿಯ ಮಕ್ಕಳು, ಎರಡು ವರ್ಷ. ಐದು ಶಾಲೆಗಳಲ್ಲಿ ಊಟ, ತಿಂಡಿ, ಪಾನೀಯ ಬದಲಿಸಿ, ಪಾಠದಲ್ಲೂ ಆಹಾರದ ವಿಷಯ ಸೇರಿಸಿದರು. ಉಳಿದ ಶಾಲೆಗಳು ಹಾಗೇ ಇದ್ದವು. ಬದಲಾಗದ ಶಾಲೆಗಳಲ್ಲಿ ನೂರಕ್ಕೆ 14.9 ಮಕ್ಕಳು ಹೊಸದಾಗಿ ಅಧಿಕ ತೂಕಕ್ಕೆ ಜಾರಿದರೆ, ಬದಲಾದ ಶಾಲೆಗಳಲ್ಲಿ 7.5. ಅರ್ಧಕ್ಕರ್ಧ. ಆದರೆ ಆಗಲೇ ಬೊಜ್ಜು ಬಂದಿದ್ದ ಮಕ್ಕಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಇದನ್ನು ಶಿಕ್ಷಕರು ಗಮನಿಸಬೇಕು. ಶಾಲೆಯಿಂದ ತಡೆಯಲು ಸಾಧ್ಯ, ಬಂದುಬಿಟ್ಟಿದ್ದನ್ನು ಇಳಿಸುವುದು ಶಾಲೆಯೊಂದರ ಕೈಲಾಗುವ ಕೆಲಸವಲ್ಲ. ಆ ಮಗುವಿಗೆ ವೈದ್ಯರು ಬೇಕು.

ಸರಾಸರಿ ಇಳಿದ ಮಾತ್ರಕ್ಕೆ ಇದೇ ಕಾರಣ ಅಂತ ಪ್ರಮಾಣ ಮಾಡಿ ಹೇಳಲಾಗದು. ಒಂದು ನಗರದಲ್ಲಿ ಒಂದೇ ಸಮಯಕ್ಕೆ ಹತ್ತು ಸಂಗತಿ ನಡೆಯುತ್ತಿರುತ್ತವೆ. ಹಾಗಾಗಿಯೇ ಪಕ್ಕದಲ್ಲಿ ಹೋಲಿಕೆಯ ಶಾಲೆಗಳಿದ್ದ ಪ್ರಯೋಗಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಗೇಟಿನಾಚೆಯ ಅಂಗಡಿಯ ವಿಷಯಕ್ಕೂ ಫಿಲಡೆಲ್ಫಿಯಾದಲ್ಲೇ ಉತ್ತರ ಇದೆ. ಅಲ್ಲಿನ ಬಡ ಬಡಾವಣೆಗಳಲ್ಲಿ ಬೀದಿ ಮೂಲೆಗೊಂದು ಚಿಕ್ಕ ಅಂಗಡಿ. ನಮ್ಮ ಶಾಲೆಯ ಎದುರಿನ ಪೆಟ್ಟಿಗೆ ಅಂಗಡಿಯ ಅಣ್ಣ ಅಂದುಕೊಳ್ಳಿ. ಸಂಶೋಧಕರು ಅಂಗಡಿಯಿಂದ ಹೊರಬರುವ ಮಕ್ಕಳನ್ನು ನಿಲ್ಲಿಸಿ ಚೀಲದಲ್ಲಿ ಏನಿದೆ ಅಂತ ನೋಡಿದರು. ಚಿಪ್ಸು, ಮಿಠಾಯಿ, ಬಣ್ಣದ ಸಕ್ಕರೆ ನೀರು. ಒಂದು ಸಲದ ಖರೀದಿಗೆ ಸರಾಸರಿ ಒಂದು ಡಾಲರ್ ಏಳು ಸೆಂಟ್. ಅದರಲ್ಲಿ ಸಿಕ್ಕಿದ್ದು ಸುಮಾರು 356 ಕ್ಯಾಲರಿ. ಬೆಳಗ್ಗೆ ಶಾಲೆಗೆ ಹೋಗುವಾಗ ಒಮ್ಮೆ, ಬಿಟ್ಟ ಮೇಲೆ ಒಮ್ಮೆ ಹೋಗುವ ಮಕ್ಕಳೂ ಇದ್ದರು. ಶಾಲೆಯೊಳಗೆ ಎಷ್ಟೇ ಒಳ್ಳೆ ಊಟ ಕೊಡಿ, ಆ ಒಂದು ಡಾಲರ್ ಅದನ್ನು ಅಳಿಸಿಹಾಕಬಲ್ಲದು.

ಇನ್ನು ಕಾಗದದ ವಿಷಯ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಏಕೆಂದರೆ ಒಳ್ಳೆಯ ಮನಸ್ಸಿನವರಿಗೆಲ್ಲ ಮೊದಲು ಹೊಳೆಯುವ ಉಪಾಯ ಇದು.

ಅರ್ಕನ್ಸಾ ರಾಜ್ಯ 2003ರಲ್ಲಿ ಒಂದು ಕಾಯಿದೆ ಮಾಡಿತು. ಎಲ್ಲ ಸರ್ಕಾರಿ ಶಾಲೆಗಳ ಮಕ್ಕಳ ಬಿಎಂಐ ಅಳೆದು ಪೋಷಕರಿಗೆ ಗುಟ್ಟಾಗಿ ಒಂದು ಆರೋಗ್ಯ ವರದಿ ಕಳಿಸಬೇಕು, ಪ್ರಾಥಮಿಕ ಶಾಲೆಗಳಿಂದ ವೆಂಡಿಂಗ್ ಯಂತ್ರ ತೆಗೆಯಬೇಕು. ಆಗಿನ ಗವರ್ನರ್ ಮೈಕ್ ಹಕಬಿ ಸ್ವತಃ ಸಕ್ಕರೆ ಕಾಯಿಲೆ ಬಂದು ಸುಮಾರು ಐವತ್ತು ಕಿಲೋ ತೂಕ ಇಳಿಸಿದವರು, ಕಾಳಜಿ ನಿಜವಾದದ್ದೇ. ಮೊದಲ ಅಳತೆಯಲ್ಲಿ ನೂರರಲ್ಲಿ 38 ಮಕ್ಕಳು ಅಧಿಕ ತೂಕ ಅಥವಾ ಬೊಜ್ಜಿನವರು. ಮೊದಲ ಕೆಲವು ವರ್ಷ ಗೆರೆ ಮೇಲೇರದೆ ನಿಂತಿತು, ಎಲ್ಲರಿಗೂ ಆಸೆ ಹುಟ್ಟಿತು. ಕೆಲವು ರಾಜ್ಯಗಳು ಇದೇ ದಾರಿ ಹಿಡಿದವು.

ನಿಂತದ್ದು ಕಾಗದದಿಂದಲೋ, ಯಂತ್ರ ತೆಗೆದದ್ದರಿಂದಲೋ? ಅರ್ಕನ್ಸಾದಲ್ಲಿ ಮುಂದೆ ನಿಯಮ ಬದಲಾಗಿ, ಹೈಸ್ಕೂಲಿನ ಕೊನೆಯ ಎರಡು ವರ್ಷದವರನ್ನು ಅಳತೆಯಿಂದ ಬಿಟ್ಟರು. ವರದಿ ಪಡೆದವರನ್ನೂ ಪಡೆಯದವರನ್ನೂ ಪಕ್ಕಪಕ್ಕ ಇಟ್ಟು ನೋಡಲು ಅವಕಾಶವಾಯಿತು. ಕೆವಿನ್ ಜೀ ಎಂಬ ಸಂಶೋಧಕರು ನೋಡಿದರು. ತೂಕದಲ್ಲಿ ವ್ಯತ್ಯಾಸ ಇರಲಿಲ್ಲ.

ನ್ಯೂಯಾರ್ಕಿನಲ್ಲಿ ಇನ್ನೂ ಸೂಕ್ಷ್ಮವಾದ ಪರೀಕ್ಷೆ ನಡೆಯಿತು. ಇಬ್ಬರು ಹುಡುಗಿಯರನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ತರಗತಿ, ಒಂದೇ ವಯಸ್ಸು, ಹೆಚ್ಚುಕಡಿಮೆ ಒಂದೇ ಮೈಕಟ್ಟು. ಒಬ್ಬಳು ಗೆರೆಯಿಂದ ಕೂದಲೆಳೆಯಷ್ಟು ಈಚೆ, ಇನ್ನೊಬ್ಬಳು ಕೂದಲೆಳೆಯಷ್ಟು ಆಚೆ. ಮನೆಗೆ ಹೋದ ವರದಿಯಲ್ಲಿ ಮೊದಲನೆಯವಳಿಗೆ ಆರೋಗ್ಯಕರ ತೂಕ, ಎರಡನೆಯವಳಿಗೆ ಅಧಿಕ ತೂಕ. ಮುಂದಿನ ವರ್ಷದ ಅಳತೆಯಲ್ಲಿ, ಎಚ್ಚರಿಕೆ ಸಿಕ್ಕ ಎರಡನೆಯವಳ ತೂಕ ಮೊದಲನೆಯವಳಿಗಿಂತ ಕಡಿಮೆಯಾಗಬೇಕಿತ್ತಲ್ಲ? ಅಂಥ ಸಾವಿರಾರು ಹುಡುಗಿಯರ ದಾಖಲೆ ನೋಡಿದರು. ಕಡಿಮೆಯಾಗಿರಲಿಲ್ಲ. ಲೇಬಲ್ಲು ಹಚ್ಚಿಸಿಕೊಂಡವರದ್ದು ಸ್ವಲ್ಪ ಹೆಚ್ಚಿದ್ದ ಸೂಚನೆಯೇ ಇತ್ತು.

ಕ್ಯಾಲಿಫೋರ್ನಿಯಾದಲ್ಲಿ 79 ಶಾಲೆಗಳ ಸುಮಾರು 29,000 ಮಕ್ಕಳ ಮೇಲೆ, 2014ರಿಂದ 2017ರವರೆಗೆ, ಚೀಟಿ ಎತ್ತಿದ ಹಾಗೆ ಶಾಲೆಗಳನ್ನು ಹಂಚಿ ಪರೀಕ್ಷೆ ಮಾಡಿದರು. ಕೆಲವು ಶಾಲೆಗಳಲ್ಲಿ ಅಳೆದು ಪೋಷಕರಿಗೆ ತಿಳಿಸಿದರು, ಕೆಲವೆಡೆ ಅಳೆದು ತಿಳಿಸಲಿಲ್ಲ, ಕೆಲವೆಡೆ ಅಳೆಯಲೇ ಇಲ್ಲ. ತಿಳಿಸಿದ್ದರಿಂದ ತೂಕದ ಮೇಲೆ ಪರಿಣಾಮ ಸೊನ್ನೆ. ಶಾಲೆಯಲ್ಲಿ ತೂಗಿಸಿಕೊಂಡ ಮಕ್ಕಳಲ್ಲಿ ತಮ್ಮ ಮೈ ಬಗ್ಗೆ ಅಸಮಾಧಾನ ಹೆಚ್ಚಾಯಿತು, ಮಕ್ಕಳ ನಡುವೆ ತೂಕದ ಮಾತು ಹೆಚ್ಚಾಯಿತು. ಮ್ಯಾಸಚೂಸೆಟ್ಸ್ ರಾಜ್ಯ 2013ರಲ್ಲೇ ಮನೆಗೆ ಕಾಗದ ಕಳಿಸುವ ನಿಯಮ ಕೈಬಿಟ್ಟಿತ್ತು, ಅಳತೆಯನ್ನು ಉಳಿಸಿಕೊಂಡಿತು. ಆ ನಿರ್ಧಾರ ಸರಿ ಎಂದು ನನ್ನ ಅಭಿಪ್ರಾಯ. ಅಳತೆ ಬೇಕಾದದ್ದು ಊರಿಗೆ, ಇಲಾಖೆಗೆ. ಯಾವ ಬಡಾವಣೆಯಲ್ಲಿ ಏನಾಗುತ್ತಿದೆ ಅಂತ ತಿಳಿಯಲು ಬೇಕು. ಮಗುವಿನ ಹಣೆಗೆ ಹಚ್ಚಲು ಅಲ್ಲ.

ಹಾಗಾದರೆ ಏನು ಮಾಡಬಹುದು? ನನಗೆ ತುಂಬ ಇಷ್ಟವಾದ ಉದಾಹರಣೆ ನೀರಿನದು. ನ್ಯೂಯಾರ್ಕಿನ ಶಾಲೆಗಳ ಊಟದ ಹಾಲ್‌ನಲ್ಲಿ ಕುಡಿಯುವ ನೀರಿಗೆ ಮಕ್ಕಳು ಬಗ್ಗಿ ಬಾಯಿಟ್ಟು ಕುಡಿಯುವ ಕಾರಂಜಿ ನಲ್ಲಿಗಳಿದ್ದವು. ನೀರು ಬೆಚ್ಚಗೆ, ನಲ್ಲಿ ಕೊಳಕು, ಮಕ್ಕಳಿಗೆ ಹೇಸಿಗೆ. ನಗರದವರು ವಾಟರ್ ಜೆಟ್ ಎಂಬ ಸಾಧನ ತಂದಿಟ್ಟರು. ಒಳಗಿನ ನೀರು ಕಾಣುವ ದೊಡ್ಡ ಡಬ್ಬ, ಕರೆಂಟಿನಲ್ಲಿ ತಂಪಾಗುತ್ತದೆ, ಹಿಡಿಕೆ ಒತ್ತಿದರೆ ಲೋಟಕ್ಕೆ ಬೀಳುತ್ತದೆ. ಒಂದಕ್ಕೆ ಸುಮಾರು ಸಾವಿರ ಡಾಲರ್. ಭಾಷಣ ಇಲ್ಲ, ಪೋಸ್ಟರ್ ಇಲ್ಲ. ಸಂಶೋಧಕರು 1,227 ಶಾಲೆಗಳ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳ ಅಳತೆಗಳನ್ನು ಜೆಟ್ ಬರುವ ಮೊದಲು ಮತ್ತು ಬಂದ ಮೇಲೆ ಹೋಲಿಸಿ 2016ರಲ್ಲಿ ಪ್ರಕಟಿಸಿದರು. ಅಧಿಕ ತೂಕದ ಹುಡುಗರ ಪ್ರಮಾಣ ನೂರಕ್ಕೆ 0.9ರಷ್ಟು, ಹುಡುಗಿಯರದು 0.6ರಷ್ಟು ಕಡಿಮೆಯಾಗಿತ್ತು. ಮಕ್ಕಳು ಶಾಲೆಯಲ್ಲಿ ಹಾಲು ಕೊಳ್ಳುವುದೂ ಕಡಿಮೆಯಾಗಿತ್ತು. ನಗರ ನಾಲ್ಕು ವರ್ಷದಲ್ಲಿ ಕಂಡ ಒಟ್ಟು ಇಳಿಕೆ 1.2 ಅಂತ ಹೇಳಿದೆನಲ್ಲ, ಅದರ ಪಕ್ಕದಲ್ಲಿಟ್ಟು ನೋಡಿ. ಅಳೆದದ್ದು ಒಂದರಲ್ಲಿ ಬೊಜ್ಜು, ಇನ್ನೊಂದರಲ್ಲಿ ಅಧಿಕ ತೂಕ, ಲೆಕ್ಕ ಪೂರ್ತಿ ಒಂದೇ ಅಲ್ಲ. ಆದರೂ ತಣ್ಣನೆಯ ಶುದ್ಧ ನೀರು ಸುಲಭವಾಗಿ ಸಿಕ್ಕರೆ ಇಷ್ಟು ಸಾಧ್ಯ ಅಂತ ಯಾರು ಊಹಿಸಿದ್ದರು?

ಮಕ್ಕಳು ದಪ್ಪಗಾಗುವುದು ಶಾಲೆಯಿಂದಲೇ ಎಂಬ ಅಪವಾದವನ್ನು ಇನ್ನೊಂದು ಅಧ್ಯಯನ ತಿರುಗಿಸಿತು. ಅಮೆರಿಕದಾದ್ಯಂತ ಶಿಶುವಿಹಾರದಿಂದ ಎರಡನೇ ತರಗತಿ ಮುಗಿಯುವವರೆಗೆ ಒಂದೇ ಮಕ್ಕಳನ್ನು ವರ್ಷಕ್ಕೆ ಎರಡು ಸಲ ಅಳೆದರು, ಶಾಲೆ ಶುರುವಾದಾಗ ಒಮ್ಮೆ, ರಜೆಗೆ ಮುಂಚೆ ಒಮ್ಮೆ. ಆ ಅವಧಿಯಲ್ಲಿ ಬೊಜ್ಜು ಶೇ. 8.9ರಿಂದ 11.5ಕ್ಕೆ ಏರಿತು. ಏರಿಕೆ ಪೂರ್ತಿಯಾಗಿ ನಡೆದದ್ದು ಎರಡು ಬೇಸಿಗೆ ರಜೆಗಳಲ್ಲಿ. ಶಾಲೆ ನಡೆಯುವ ತಿಂಗಳುಗಳಲ್ಲಿ ಏರಲಿಲ್ಲ. ಕೋವಿಡ್ ಬಂದು ಶಾಲೆ ಮುಚ್ಚಿದಾಗ ಇದೇ ಪಾಠ ದೊಡ್ಡ ಅಕ್ಷರದಲ್ಲಿ ಬಂತು. ಅಲ್ಲಿನ ಆಸ್ಪತ್ರೆಗಳ ದಾಖಲೆ ಪ್ರಕಾರ 2ರಿಂದ 19 ವರ್ಷದವರಲ್ಲಿ ಬಿಎಂಐ ಏರುವ ವೇಗ ಸುಮಾರು ಎರಡು ಪಟ್ಟಾಯಿತು. 2019ರ ಆಗಸ್ಟ್‌ನಲ್ಲಿ ಶೇ. 19.3 ಇದ್ದ ಬೊಜ್ಜು ಒಂದೇ ವರ್ಷದಲ್ಲಿ ಶೇ. 22.4 ಆಯಿತು. ಗಂಟೆ ಹೊಡೆದಾಗ ಊಟ, ಗಂಟೆ ಹೊಡೆದಾಗ ಆಟ, ನಡುವೆ ಬಾಯಾಡಿಸಲು ಏನೂ ಇಲ್ಲ, ಕೈಯಲ್ಲಿ ಮೊಬೈಲ್ ಇಲ್ಲ. ನಾವು ಶಿಸ್ತು ಅಂತ ಕರೆಯುವ ಈ ದಿನಚರಿ ಮಗುವಿನ ಮೈಯನ್ನು ಕಾಯುತ್ತಿರುತ್ತದೆ. ಸೋಮವಾರದಿಂದ ಶನಿವಾರದವರೆಗೆ ಆ ದಿನಚರಿ ನಡೆಸುವ ನಿಮಗೆ ಇದು ಗೊತ್ತಾಗಬೇಕು ಅಂತಲೇ ಈ ಅಧ್ಯಯನವನ್ನು ಹುಡುಕಿ ತಂದೆ.

ಈಗ ನಮ್ಮ ಕಡೆಗೆ.

ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಅಧಿಕ ತೂಕದವರು ನೂರಕ್ಕೆ ಮೂರು. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆ ಪ್ರಕಾರ ದೇಶದ ಹದಿಹರೆಯದವರಲ್ಲಿ ನೂರಕ್ಕೆ 24 ಮಂದಿ ತೀರಾ ತೆಳ್ಳಗೆ, ಐದು ಮಂದಿ ಅಧಿಕ ತೂಕ. ಸಾಮಾನ್ಯವಾಗಿ ಸರ್ಕಾರಿ ಶಾಲೆಗಿಂತ ಫೀಸು ಕಟ್ಟುವ ಶಾಲೆಯಲ್ಲಿ, ಹಳ್ಳಿಗಿಂತ ಪೇಟೆಯಲ್ಲಿ ದಪ್ಪ ಮಕ್ಕಳು ಹೆಚ್ಚು. ಅಮೆರಿಕದಲ್ಲಿ ಬೊಜ್ಜು ಬಡವರ ಮಕ್ಕಳನ್ನು ಹಿಡಿದಿದೆ, ನಮ್ಮಲ್ಲಿ ಸದ್ಯಕ್ಕೆ ಉಳ್ಳವರ ಮಕ್ಕಳನ್ನು. ಹಾಗಾದರೆ ಸರ್ಕಾರಿ ಶಾಲೆಗೆ ಭಯವಿಲ್ಲವೇ?

ಇದೆ. ಅದೇ ಪೌಷ್ಟಿಕತೆ ಸಮೀಕ್ಷೆ ಮಕ್ಕಳ ರಕ್ತವನ್ನೂ ನೋಡಿತು. ಶಾಲಾ ವಯಸ್ಸಿನ ಮಕ್ಕಳಲ್ಲೂ ಹದಿಹರೆಯದವರಲ್ಲೂ ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ ಸಕ್ಕರೆ ಕಾಯಿಲೆಯ ಹಿಂದಿನ ಹಂತದ ಲಕ್ಷಣ. ಅಧಿಕ ತೂಕದವರೇ ನೂರಕ್ಕೆ ಐದಾದರೆ ಉಳಿದವರು ಎಲ್ಲಿಂದ ಬಂದರು? ನೋಡಲು ಸಾಧಾರಣವಾಗಿರುವ, ತೆಳ್ಳಗೂ ಇರುವ ಮಕ್ಕಳಿಂದ. ಇದರ ಸುಳಿವು ನಮ್ಮ ಮೈಸೂರಿನಲ್ಲೇ ಸಿಕ್ಕಿತ್ತು. ಅಲ್ಲಿನ ಜನ ಮಿಷನ್ ಆಸ್ಪತ್ರೆ ಅಂತ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ದಾಖಲು ಮಾಡಿಕೊಂಡು, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಇದೆ. ಮೈಸೂರಿನ ನವಜಾತ ಶಿಶುಗಳು ಇಂಗ್ಲೆಂಡಿನ ಶಿಶುಗಳಿಗಿಂತ ತೂಕದಲ್ಲಿ ಕಡಿಮೆ, ಕೈಕಾಲು ಸಣ್ಣ, ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆ ಇರಲಿಲ್ಲ. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಕೊಬ್ಬು ಹೆಚ್ಚಿತ್ತು. ನಮ್ಮ ಮಕ್ಕಳಿಗೆ ಅಪಾಯ ಕಡಿಮೆ ತೂಕದಲ್ಲೇ ಶುರುವಾಗುತ್ತದೆ. ಈ ಕಾರಣಕ್ಕೇ ಭಾರತೀಯ ಮಕ್ಕಳ ತಜ್ಞರ ಸಂಘ 2015ರ ತನ್ನ ಪಟ್ಟಿಯಲ್ಲಿ ಅಧಿಕ ತೂಕದ ಗೆರೆಯನ್ನು ದೊಡ್ಡವರ 23ಕ್ಕೆ, ಬೊಜ್ಜಿನ ಗೆರೆಯನ್ನು 27ಕ್ಕೆ ಹೊಂದಿಸಿ ಎಳೆದಿದೆ. ಬೇರೆ ದೇಶಗಳಲ್ಲಿ 25 ಮತ್ತು 30.

ಹಸಿವಿನಲ್ಲಿ ಹುಟ್ಟಿ ಬೆಳೆದ ಮೈಗೆ ಅಗ್ಗದ ಎಣ್ಣೆ, ಸಕ್ಕರೆ ಸುರಿದರೆ ಏನಾಗುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಐದು ರೂಪಾಯಿಯ ಕುರುಕಲು ಪ್ಯಾಕೆಟ್ ಈಗ ಯಾವ ಹಳ್ಳಿಯ ಅಂಗಡಿಯಲ್ಲಿ ತೂಗಾಡುತ್ತಿಲ್ಲ? ಯುನಿಸೆಫ್ 2025ರಲ್ಲಿ ಹೇಳಿದ ಪ್ರಕಾರ ಜಗತ್ತಿನ 5ರಿಂದ 19 ವರ್ಷದವರಲ್ಲಿ ಬೊಜ್ಜಿರುವವರು ಶೇ. 9.4, ಕಡಿಮೆ ತೂಕದವರು ಶೇ. 9.2. ಮೊದಲ ಬಾರಿಗೆ ಬೊಜ್ಜು ಮುಂದೆ ಹೋಗಿದೆ. ದಕ್ಷಿಣ ಏಷ್ಯಾದಲ್ಲಿ ಇನ್ನೂ ಹೋಗಿಲ್ಲ. ನಮಗೆ ಸ್ವಲ್ಪ ಸಮಯ ಇದೆ ಅಂತ ನಾನು ಇದನ್ನು ಓದುತ್ತೇನೆ.

ಆ ಸಮಯದಲ್ಲಿ ಮಾಡಬಹುದಾದ್ದು ಬಹಳಷ್ಟು ನಿಮ್ಮ ಅಂಗಳದಲ್ಲೇ ಇದೆ. ಬಿಸಿಯೂಟ ಇದೆ. ಅಮೆರಿಕದ ಬಡ ಮಕ್ಕಳ ಶಾಲಾ ಊಟಕ್ಕೆ 2010ರಲ್ಲಿ ಹೊಸ ಕಾಯಿದೆ ಬಂದು ಹಣ್ಣು, ತರಕಾರಿ, ಇಡಿ ಧಾನ್ಯ ಕಡ್ಡಾಯವಾದ ಮೇಲೆ ಅವರಲ್ಲಿ ಬೊಜ್ಜಿನ ಏರಿಕೆಗೆ ತಡೆ ಬಿದ್ದದ್ದನ್ನು ಸಂಶೋಧಕರು ಕಂಡಿದ್ದಾರೆ. ನಮ್ಮಲ್ಲಿ 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಷನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂದಿದೆ, ತಿನ್ನದವರಿಗೆ ಬಾಳೆಹಣ್ಣು. ಪ್ರೊಟೀನ್ ಬಂದ ತಟ್ಟೆ ಗಿಡ್ಡ ಮಗುವಿಗೂ ಬೇಕು, ದಪ್ಪ ಮಗುವಿಗೂ ಬೇಕು. ತೊಂದರೆ ಇರುವುದು ಸಾರಿನಲ್ಲಿ ತರಕಾರಿ ಹುಡುಕಬೇಕಾದ ದಿನಗಳಲ್ಲಿ. ಸೊಪ್ಪು, ತರಕಾರಿಗೆ ಕೊಡುವ ಹಣ ಹೆಚ್ಚಿಸಿ ಅಂತ ಎಸ್‌ಡಿಎಂಸಿಯವರು ಬರೆದು ಕೇಳಿ. ಅಡುಗೆ ಮಾಡುವ ಅಕ್ಕಂದಿರನ್ನು ದೂರಿ ಪ್ರಯೋಜನವಿಲ್ಲ. ಅವರ ಕೈಗೆ ಬಂದಷ್ಟನ್ನೇ ಅವರು ಬೇಯಿಸುವುದು.

ಅಂಗಡಿ ವಿಷಯದಲ್ಲಿ ನಿಯಮ ಆಗಲೇ ಇದೆ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಒಳಗೂ ಮಕ್ಕಳಿಗೆ ಮಾರುವಂತಿಲ್ಲ. ಈ 50 ಮೀಟರನ್ನು ಎಷ್ಟು ಜನ ಅಳೆದಿದ್ದೀರಿ? ಅಂಗಡಿಯವರೊಡನೆ ಜಗಳ ಬೇಡ. ಅವರ ಮಕ್ಕಳೂ ನಿಮ್ಮ ಶಾಲೆಯಲ್ಲೇ ಓದುತ್ತಿರಬಹುದು. ಕಡಲೆಕಾಯಿ, ಸೀಬೆ, ಬೇಯಿಸಿದ ಜೋಳ ಇಟ್ಟು ವ್ಯಾಪಾರ ಆಗುತ್ತದೆಯೇ ಅಂತ ಅವರ ಜೊತೆ ಕೂತು ಮಾತಾಡಿ.

ನೀರು, ಆಟ. ನೀರಿನ ಗಂಟೆ ಹೊಡೆಯುವ ಶಾಲೆಗಳು ನಮ್ಮಲ್ಲಿವೆ, ಗಂಟೆ ಹೊಡೆದಾಗ ಶುದ್ಧ ನೀರಿರುವ ನಲ್ಲಿಯೂ, ಹುಡುಗಿಯರು ಧೈರ್ಯವಾಗಿ ಹೋಗಬಹುದಾದ ಶೌಚಾಲಯವೂ ಇರಬೇಕು. ಶೌಚಾಲಯ ಸರಿಯಿಲ್ಲದ ಕಡೆ ಹುಡುಗಿಯರು ನೀರೇ ಕುಡಿಯುವುದಿಲ್ಲ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಟದ ಪೀರಿಯಡ್ಡನ್ನು ದಯವಿಟ್ಟು ಗಣಿತಕ್ಕೆ ಬಿಟ್ಟುಕೊಡಬೇಡಿ. ಪಿಟಿ ಮೇಷ್ಟ್ರಿಲ್ಲದ ಶಾಲೆಯಲ್ಲೂ ಕುಂಟೆಬಿಲ್ಲೆಗೆ, ಖೊಖೊಗೆ ಅಡ್ಡಿಯಿಲ್ಲ.

ಅಳತೆಯೂ ಬೇಕು. ಪ್ರಗತಿ ಪತ್ರದಲ್ಲಿ ಎತ್ತರ, ತೂಕದ ಕಲಂ ಇದೆ, ಆರೋಗ್ಯ ತಂಡ ವರ್ಷಕ್ಕೊಮ್ಮೆ ಬಂದು ನೋಡುತ್ತದೆ. ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬುದು ನನ್ನ ದೂರು. ಮೂರು ವರ್ಷದ ಕಲಂಗಳನ್ನು ಪಕ್ಕಪಕ್ಕ ಇಟ್ಟರೆ ಎತ್ತರ ನಿಂತು ತೂಕ ಮಾತ್ರ ಏರುತ್ತಿರುವ ಮಗುವೂ, ಎರಡೂ ನಿಂತಿರುವ ಮಗುವೂ ಸಿಗುತ್ತಾರೆ. ತೂಗುವಾಗ ತರಗತಿಯ ಮುಂದೆ ಬೇಡ, ಒಂದು ಕೋಣೆಯಲ್ಲಿ ಒಬ್ಬೊಬ್ಬರನ್ನೇ ಕರೆಯಿರಿ. ಅಂಕಿಯನ್ನು ಕೂಗಿ ಹೇಳಿ ಬರೆಸಬೇಡಿ. ಡುಮ್ಮ, ಡುಮ್ಮಿ ಅಂತ ಪ್ರೀತಿಯಿಂದ ಕರೆದರೂ ಬೇಡ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ಕೇಳಿದರು: "ಮೇಡಂ, ನನ್ನ ಮಗಳು ಆರನೇ ಕ್ಲಾಸು, ಮೈ ಜಾಸ್ತಿ. ರಾತ್ರಿ ಊಟ ಬಿಡಿಸಲಾ?" ನಾನು ಹೇಳಿದ್ದನ್ನು ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ, ಇದೇ ಪ್ರಶ್ನೆ ಹಲವರಿಗೆ ಇರುತ್ತದೆ.

ಊಟ ಬಿಡಿಸಬೇಡಿಯಮ್ಮ. ಅವಳು ಬೆಳೆಯುವ ವಯಸ್ಸಿನಲ್ಲಿದ್ದಾಳೆ, ಈ ಎರಡು ಮೂರು ವರ್ಷದಲ್ಲಿ ಎತ್ತರ ಬರುತ್ತದೆ. ಸಾಮಾನ್ಯವಾಗಿ ತೂಕ ಇಳಿಸುವ ಅಗತ್ಯವೇ ಇರುವುದಿಲ್ಲ, ಇದ್ದಲ್ಲೇ ನಿಂತರೆ ಎತ್ತರ ಬಂದಂತೆ ಸರಿಹೋಗುತ್ತದೆ. ಅವಳೊಬ್ಬಳಿಗೆ ಪಥ್ಯ ಹಾಕಿ ತಮ್ಮನಿಗೆ ಚಿಪ್ಸು ಕೊಡಬೇಡಿ. ಮನೆಗೆ ಕೂಲ್‌ಡ್ರಿಂಕ್ಸ್ ಬಾಟಲಿ ತರುವುದನ್ನು ಎಲ್ಲರಿಗೂ ನಿಲ್ಲಿಸಿ. ಅನ್ನದ ಜೊತೆ ಸಾರು ಮಾತ್ರವಲ್ಲದೆ ಕಾಳು, ಪಲ್ಯ ಇರಲಿ. ಸಂಜೆ ಒಂದು ಗಂಟೆ ಹೊರಗೆ ಆಡಲಿ. ಮನೆಗೆ ಬಂದ ನೆಂಟರು ಅವಳ ಮೈ ಬಗ್ಗೆ ಮಾತೆತ್ತಿದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ಅವಳ ಕುತ್ತಿಗೆಯ ಹಿಂಭಾಗ ನೋಡಿ. ಅಲ್ಲಿ, ಕಂಕುಳಲ್ಲಿ ಚರ್ಮ ದಪ್ಪಗಾಗಿ ಮಖಮಲ್ಲಿನ ಹಾಗೆ ಕಪ್ಪಾಗಿದ್ದರೆ ಅದು ಕೊಳೆಯಲ್ಲ, ಉಜ್ಜಬೇಡಿ. ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಅದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಬಿಪಿ ನೋಡಿಸಿ, ಖಾಲಿ ಹೊಟ್ಟೆಯಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಿ.